ಓರೆಗೆರೆ ಬಲ್ಲ ಸ್ಟೀನಾ

ಸ್ಟೀನಾ ಬ್ಯಾರ್ನಸನ್ ಬಸ್ಸಿಗೆ ಕಾಯುತ್ತ ನಿಂತಿದ್ದರೂ ಅವಳ ಬಲಗೈ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಉಣ್ಣೆಯ ಕೈಗವಸಿನೊಳಗೇ ಕುಣಿಯುತ್ತಿದ್ದವು. ಎದುರಿನ ಬೇಕರಿಯ ಹಲಗೆಯನ್ನು ಕಣ್ಣು ಓದಿದರೆ ಸಾಕು, ಬೆರಳು ಅದನ್ನು ಗಾಳಿಯಲ್ಲಿ ಒತ್ತಿ ಮುಗಿಸುತ್ತಿತ್ತು. ಪಕ್ಕದಲ್ಲಿ ನಿಂತವರು, ಪಾಪ, ಇಷ್ಟು ಸಣ್ಣ ವಯಸ್ಸಿಗೇ ನಡುಕದ ಕಾಯಿಲೆ ಅಂದುಕೊಂಡು ಜರುಗಿ ಜಾಗ ಬಿಡುತ್ತಿದ್ದರು. ಕಾರ್ಡಿಗೆ ತೂತು ಹೊಡೆಯುವ ಕೋಣೆಯಲ್ಲಿ ಹನ್ನೊಂದು ವರ್ಷ ಕೂತ ಹೆಂಗಸಿನ ಚಾಳಿ ಅದು ಎಂದು ಅವರಿಗೇನು ಗೊತ್ತು.

ಅವಳು ಹುಟ್ಟಿದ್ದು ವಿನಿಪೆಗ್ ಸರೋವರದ ಪಡುವಣ ದಂಡೆಯಲ್ಲಿ, ಬೆಸ್ತರ ಮನೆಯಲ್ಲಿ. ಹೆಸರಿಗೆ ಸರೋವರ, ಕಡಲಿನಷ್ಟು ನೀರು. ಅಲ್ಲಿಯವರ ಬಾಯಲ್ಲಿ ಮಾತ್ರ ಬರೀ ಕೆರೆ. ಅಪ್ಪ ಯೋನ್ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿನ ಮೇಲೆ ಸಾಮಾನಿನ ಗಾಡಿಗಳಿಗೆ ದಾರಿ ತೋರಿಸುವವನು. ಉದ್ದನೆಯ ಕಬ್ಬಿಣದ ಉಳಿಯಿಂದ ಕುಟ್ಟಿ, ಸದ್ದು ಕೇಳಿಯೇ ಮಂಜುಗಡ್ಡೆ ಎಷ್ಟು ಭಾರ ತಡೆದೀತು ಎಂದು ಹೇಳುತ್ತಿದ್ದ. ಮಗಳು ಅವನ ಹಿಂದೆ ಹಿಂದೆ ಓಡಾಡಿ ಬೆಳೆದಳು. ಆರನೇ ತರಗತಿ ಮುಗಿಯುವಷ್ಟರಲ್ಲಿ ಮೀನು ಕೊಯ್ಯುವ ಶೆಡ್ಡಿಗೆ ಹೋದಳು. ಆಮೇಲೆ ಮದುವೆ, ಆಮೇಲೆ ಗಂಡನ ಎದೆ ಕಾಯಿಲೆ, ಪೇಟೆಯ ಆಸ್ಪತ್ರೆ. ಅವನು ಹೋದ ಮೇಲೆ ಪೇಟೆಯಲ್ಲೇ ಉಳಿದಳು. ಮೀನು ಕೊಯ್ದ ಕೈ ಚುರುಕಾಗಿತ್ತು. ಕೆಲಸಕ್ಕೆ ಪರೀಕ್ಷೆ ಕೊಟ್ಟಾಗ ಹೈಸ್ಕೂಲು ಮುಗಿಸಿದ ಹುಡುಗಿಯರಿಗಿಂತ ಮೊದಲು ಇವಳ ಕಾರ್ಡುಗಳು ಮುಗಿದಿದ್ದವು, ಒಂದೂ ತಪ್ಪಿಲ್ಲದೆ.

ಆ ಕಾಲದಲ್ಲಿ ಕಂಪ್ಯೂಟರಿಗೆ ಏನು ಹೇಳಬೇಕಾದರೂ ರಟ್ಟಿನ ಕಾರ್ಡಿನ ಮೇಲೆ ತೂತುಗಳಲ್ಲಿ ಹೇಳಬೇಕಿತ್ತು. ಒಂದು ಕಾರ್ಡಿಗೆ ಎಂಬತ್ತು ಅಕ್ಷರ. ಎಂಜಿನಿಯರುಗಳು, ಪ್ರೊಫೆಸರುಗಳು ಪೆನ್ಸಿಲಿನಲ್ಲಿ ಹಾಳೆ ತುಂಬಿ ಕಳಿಸುತ್ತಿದ್ದರು. ಸ್ಟೀನಾ ಅದನ್ನು ಕಾರ್ಡಿಗೆ ಒತ್ತುತ್ತಿದ್ದಳು. ಅವಳು ಒತ್ತಿ ಕೊಟ್ಟದ್ದನ್ನು ಎದುರು ಮೇಜಿನ ಓರಿಸ್ಯಾ ಅದೇ ಹಾಳೆ ನೋಡಿಕೊಂಡು ಇನ್ನೊಂದು ಯಂತ್ರದಲ್ಲಿ ಮತ್ತೆ ಒತ್ತಬೇಕು. ಇಬ್ಬರದೂ ಹೊಂದಿದರೆ ಯಂತ್ರ ಕಾರ್ಡಿನ ಬಲ ಅಂಚಿಗೆ ಒಂದು ಸಣ್ಣ ಕಚ್ಚು ಹಾಕುತ್ತದೆ. ಕಚ್ಚಿಲ್ಲದ ಕಾರ್ಡನ್ನು ಕಂಪ್ಯೂಟರ್ ಕೋಣೆಯವರು ಮುಟ್ಟುತ್ತಿರಲಿಲ್ಲ.

ಓರಿಸ್ಯಾ ಉಕ್ರೇನಿನಿಂದ ಬಂದವರ ಮಗಳು, ದಪ್ಪ ತೋಳಿನ, ದೊಡ್ಡ ಬಾಯಿಯ ಹೆಂಗಸು. ಊಟದ ಡಬ್ಬಿಯಲ್ಲಿ ಆಲೂಗಡ್ಡೆ ತುಂಬಿದ ಪೆರೊಗಿ ಕಡುಬು ತಂದು ಅರ್ಧ ಸ್ಟೀನಾಗೆ ತಳ್ಳುತ್ತಿದ್ದಳು, ಪ್ರತಿಯಾಗಿ ಸ್ಟೀನಾ ತರುತ್ತಿದ್ದ ಒಣಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಆ ಕೋಣೆಯ ಧರ್ಮ ಒಂದೇ: ಹಾಳೆಯಲ್ಲಿ ಬರೆದದ್ದನ್ನು ಒತ್ತು, ಯೋಚನೆ ಮಾಡಬೇಡ. ಮೇಲ್ವಿಚಾರಕಿ ಮಿಸ್ ಡಾಲ್ಗ್ಲೀಶ್ ಅದನ್ನು ಗೋಡೆಗೆ ಬರೆಸಿ ಹಾಕಿರಲಿಲ್ಲ, ಬರೆಸುವ ಅಗತ್ಯವೂ ಇರಲಿಲ್ಲ. ಆಕೆಯ ಹುಬ್ಬೇ ಸಾಕಿತ್ತು.

ಆದರೆ ಯೋಚನೆ ಬೇಡವೆಂದರೆ ನಿಲ್ಲುತ್ತದೆಯೇ? ವರ್ಷಗಟ್ಟಲೆ ಒತ್ತಿ ಒತ್ತಿ ಸ್ಟೀನಾಗೆ ಫೋರ್ಟ್ರಾನ್ ಎಂಬ ಆ ಯಂತ್ರದ ಭಾಷೆ ಅಡುಗೆಮನೆಯ ಡಬ್ಬಿಗಳಂತೆ ಪರಿಚಯವಾಗಿಬಿಟ್ಟಿತ್ತು. ಮುಚ್ಚಳ ತೆಗೆಯದೆಯೇ ಒಳಗೇನಿದೆ ಗೊತ್ತು. ಅದರಲ್ಲೂ ಅವಳಿಗೆ ಅಚ್ಚರಿ ಹುಟ್ಟಿಸುತ್ತಿದ್ದದ್ದು ಓರೆಗೆರೆ, ಜನ ಸ್ಲ್ಯಾಶ್ ಅನ್ನುವ ಅದೇ ಗೆರೆ. ಕಾರ್ಡಿನಲ್ಲಿ ಅದಕ್ಕೆ ಎರಡೇ ತೂತು: ಸೊನ್ನೆಯ ಸಾಲಿನಲ್ಲೊಂದು, ಒಂದರ ಸಾಲಿನಲ್ಲೊಂದು. ಎರಡು ತೂತಿನ ಈ ಬಡಪಾಯಿ ಮಾಡದ ಕೆಲಸವಿಲ್ಲ. ಒಂದು ಕಡೆ ಸಂಖ್ಯೆಗಳ ಆಚೆ ಈಚೆ ಬೇಲಿಯಂತೆ ನಿಂತು ಅವನ್ನು ಕಾಯುತ್ತದೆ. ಇನ್ನೊಂದು ಕಡೆ, ಉತ್ತರ ಅಚ್ಚು ಹಾಕುವಾಗ, ಇಲ್ಲಿಗೆ ಸಾಕು, ಮುಂದಿನ ಸಾಲಿಗೆ ಹೋಗು ಎಂದು ಯಂತ್ರಕ್ಕೆ ಅಪ್ಪಣೆ ಕೊಡುತ್ತದೆ. ಕಾರ್ಡುಗಳ ಕಂತೆಯ ಕಟ್ಟಕಡೆಗೆ, ಪಕ್ಕದಲ್ಲೊಂದು ನಕ್ಷತ್ರ ಕಟ್ಟಿಕೊಂಡು, ಮುಗಿಯಿತು ಎಂದು ಬಾಗಿಲು ಹಾಕುತ್ತದೆ. ಇವೆಲ್ಲದರ ನಡುವೆ ಭಾಗಾಕಾರವೂ ಅದರದೇ ತಲೆಗೆ.

ಆ ಭಾಗಾಕಾರದಲ್ಲಿ ಅದಕ್ಕೊಂದು ಕೆಟ್ಟ ಹಟವಿತ್ತು. ಅದು ಸ್ಟೀನಾಗೆ ತಿಳಿದದ್ದು ಗೋಧಿ ತಳಿಗಳ ಲೆಕ್ಕ ಮಾಡಿಸುತ್ತಿದ್ದ ಒಬ್ಬ ಪ್ರೊಫೆಸರರಿಂದ. ಅವರು ಒಂದು ಸಲ ಉತ್ತರದ ಕಾಗದ ಹಿಡಿದುಕೊಂಡು ಬಂದು ಅವಳ ಮೇಜಿನ ಮುಂದೆಯೇ ತಲೆ ಚಚ್ಚಿಕೊಂಡಿದ್ದರು. "ನಿನ್ನ ತಪ್ಪಲ್ಲಮ್ಮ, ನನ್ನದು. ಇಪ್ಪತ್ತು ವರ್ಷದಿಂದ ಪಾಠ ಮಾಡ್ತೀನಿ, ನನಗೇ ಮರೆತುಹೋಯ್ತು ನೋಡು. ಎರಡು ಇಡೀ ಸಂಖ್ಯೆ ಮಧ್ಯೆ ಈ ಗೆರೆ ಎಳೆದರೆ ಯಂತ್ರ ಪಾಲು ಮಾಡುತ್ತೆ, ಆದ್ರೆ ಮಿಕ್ಕಿದ್ದನ್ನ ಎಸೆದುಬಿಡುತ್ತೆ. ಏಳನ್ನ ಎರಡು ಪಾಲು ಮಾಡು ಅಂದ್ರೆ ಮೂರು ಅನ್ನುತ್ತೆ. ಒಂದನ್ನ ಎರಡು ಪಾಲು ಮಾಡು ಅಂದ್ರೆ ಸೊನ್ನೆ! ಸಂಖ್ಯೆ ಮುಂದೆ ಒಂದು ಚುಕ್ಕಿ ಇಟ್ಟು ಹೇಳಿದ್ರೆ ಮಾತ್ರ ಚೂರುಪಾರೂ ಲೆಕ್ಕಕ್ಕೆ ಹಿಡಿಯುತ್ತೆ."

ಒಂದು ರೊಟ್ಟಿ, ಇಬ್ಬರು ಮಕ್ಕಳು. ಮುರಿದು ಕೊಡಲಾರೆ ಎಂದು ಇಬ್ಬರನ್ನೂ ಉಪವಾಸ ಕೆಡಹುವ ತಾಯಿಯನ್ನು ಸ್ಟೀನಾ ಕಂಡಿರಲಿಲ್ಲ. ಈ ಮಾತು ಅವಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಸಾವಿರದ ಒಂಬೈನೂರ ಅರುವತ್ತೊಂಬತ್ತರ ಅಕ್ಟೋಬರಿನಲ್ಲಿ ಸಾಮಾನು ಸಾಗಿಸುವ ಒಂದು ಕಂಪನಿಯ ಕೆಲಸ ಬಂತು. ಚಳಿಗಾಲದಲ್ಲಿ ಕೆರೆ ಗಟ್ಟಿಯಾದ ಮೇಲೆ ಉತ್ತರದ ದಂಡೆಯ ಹಳ್ಳಿಗಳಿಗೆ ಹಿಟ್ಟು, ಸೀಮೆಎಣ್ಣೆ, ಒಲೆ, ಮೊಳೆ ಎಲ್ಲವನ್ನೂ ಜಾರುಬಂಡಿಗಳ ಮೇಲೆ ಹೇರಿ ಟ್ರ್ಯಾಕ್ಟರುಗಳಿಂದ ಎಳೆಸುತ್ತಿದ್ದವರು ಅವರು. ಗಡ್ಡೆ ತಡೆಯುತ್ತದೋ ಇಲ್ಲವೋ ಎಂದು ಹೇಳಲು ಇಷ್ಟು ವರ್ಷ ಸ್ಟೀನಾಳ ಅಪ್ಪನಂಥವರು ಉಳಿ ಹಿಡಿದು ಮುಂದೆ ಹೋಗುತ್ತಿದ್ದರು. ಇನ್ನು ಮೇಲೆ ಕಂಪ್ಯೂಟರೇ ಹೇಳಲಿ ಎಂದು ಕಂಪನಿ ಠರಾವು ಮಾಡಿತ್ತು. ಟ್ರ್ಯಾಕ್ಟರ್ ಸಾಲಿನ ಮುಂದಾಳು ಬೇರಾರೂ ಅಲ್ಲ, ಸ್ಟೀನಾಳ ತಮ್ಮ ಎಗಿಲ್.

ಲೆಕ್ಕದ ಹಾಳೆ ಬರೆದವನು ಹಾರ್ಕ್‌ನೆಸ್ ಎಂಬ ಎಂಜಿನಿಯರು, ಒಳ್ಳೆಯವನೇ, ಬಾಗಿಲು ಹಿಡಿದು ಹೆಂಗಸರನ್ನು ಮೊದಲು ಬಿಡುವವನು. ಸೂತ್ರ ಸರಳವಾಗಿತ್ತು. ಮೊದಲು ಕೆರೆಯ ನೀರೇ ಗಟ್ಟಿಯಾದ ನೀಲಿ ಗಡ್ಡೆಯ ದಪ್ಪ ಇಂಚಿನಲ್ಲಿ. ಅದರ ಮೇಲೆ ಹಿಮ ನೆಂದು ಕಟ್ಟಿದ ಬಿಳಿ ಗಡ್ಡೆಗೆ ಅರ್ಧ ಬಲ. ಆದ್ದರಿಂದ ಅದರ ಅರ್ಧ ಕೂಡಿಸು. ಬಿಸಿಲು ಬಿದ್ದು ಕರಗಿದ ಒಂದೊಂದು ದಿನಕ್ಕೂ ಅರ್ಧ ಇಂಚು ಕಳೆ. ಉಳಿದದ್ದು ಇಪ್ಪತ್ತಾರು ಇಂಚು ಮುಟ್ಟಿದರೆ ಸಾಲು ಹೊರಡಬಹುದು. ಆ ಅರ್ಧವನ್ನು ಹಾರ್ಕ್‌ನೆಸ್ ಎರಡೂ ಕಡೆ ಒಂದು, ಓರೆಗೆರೆ, ಎರಡು ಎಂದು ಬರೆದಿದ್ದ. ಚುಕ್ಕಿ ಇರಲಿಲ್ಲ.

ಒತ್ತುತ್ತಿದ್ದ ಸ್ಟೀನಾಳ ಕೈ ಅಲ್ಲಿ ನಿಂತಿತು.

"ಓರಿಸ್ಯಾ, ಇಲ್ಲಿ ಚುಕ್ಕಿ ಬೇಡ್ವೇನೇ?"

"ಹಾಳೇಲಿ ಇದ್ಯಾ?"

"ಇಲ್ಲ."

"ಮತ್ತೆ? ಎಂಜಿನಿಯರ್ ನೀನೋ ಅವನೋ? ಒತ್ತು ಒತ್ತು, ನಾಲ್ಕು ಗಂಟೆಗೆ ನನಗೆ ಬಸ್ಸು."

ಸ್ಟೀನಾ ಒತ್ತಿದಳು. ಓರಿಸ್ಯಾ ಮರು ಒತ್ತಿದಳು. ಹೊಂದಿತು, ಕಾರ್ಡಿಗೆ ಕಚ್ಚು ಬಿತ್ತು. ನವೆಂಬರಿನಲ್ಲಿ ಹಾರ್ಕ್‌ನೆಸ್ ಕೈಯಲ್ಲಿ ಲೆಕ್ಕ ಹಾಕಿ ಯಂತ್ರದ ಉತ್ತರದೊಂದಿಗೆ ಹೋಲಿಸಿ ನೋಡಿದ. ಆಗಿನ್ನೂ ಹೊಸ ಗಡ್ಡೆ, ಎಲ್ಲ ನೀಲಿ. ಬಿಳಿ ಇಲ್ಲ, ಕರಗಿದ ದಿನವಿಲ್ಲ. ಉತ್ತರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಸ್ಟೀನಾ ಸಮಾಧಾನಪಟ್ಟುಕೊಂಡಳು: ದೊಡ್ಡವರಿಗೆ ಗೊತ್ತಿರುತ್ತೆ.

ಚಳಿಗಾಲವಿಡೀ ದಿನಚರಿ ಒಂದೇ ಆಯಿತು. ಬೆಳಿಗ್ಗೆ ಎಂಟಕ್ಕೆ ಎಗಿಲ್ ಕೆರೆಯ ಬಿಡಾರದಿಂದ ರೇಡಿಯೊ ಫೋನಿನಲ್ಲಿ ಮೂರು ಸಂಖ್ಯೆ ಹೇಳುವುದು: ನೀಲಿ, ಬಿಳಿ, ಕರಗಿದ ದಿನ. ಬೆಸ್ತರ ಮಾತು ತಿಳಿಯುವವಳೆಂದು ಫೋನು ಸ್ಟೀನಾಗೇ ಬಿಟ್ಟಿದ್ದರು. ಅವಳು ಬರೆದುಕೊಂಡು, ಕಾರ್ಡಿಗೆ ಒತ್ತಿ, ಹತ್ತು ಗಂಟೆಗೆ ಬಂದ ಉತ್ತರವನ್ನು ಓದಿ ಹೇಳುವುದು. ಆ ಫೋನಿನ ಗುಣವೆಂದರೆ ಗುಟ್ಟು ಇಲ್ಲ. ಕೆರೆಯ ಮೇಲಿನ ಅಷ್ಟೂ ಮೀನು ಬಿಡಾರದವರು ಕಿವಿಗೊಟ್ಟು ಕೂತಿರುತ್ತಿದ್ದರು.

ಜನವರಿಯಲ್ಲಿ ಎಗಿಲ್ ಸಿಟ್ಟಿಗೆ ಕುಣಿದಾಡಿದ. ಉತ್ತರ ಬರುತ್ತಿದ್ದದ್ದು ಬರೀ ಇಪ್ಪತ್ತನಾಲ್ಕು. "ಅಕ್ಕಾ, ಆರು ಇಂಚು ಬಿಳಿ ಇದೆ ಇದರ ಮೇಲೆ! ಅಪ್ಪ ಇದ್ದಿದ್ರೆ ಕಣ್ಣು ಮುಚ್ಕೊಂಡು ಹೊರಡು ಅಂತಿದ್ದ. ನಿನ್ನ ಯಂತ್ರ ಎಂಥ ಜಿಪುಣಜ್ಜಿ!" ಒಂಬತ್ತು ದಿನ ಕೂರಿಸಿ, ಆಮೇಲೆ ಬಿಟ್ಟಿತು ಜಿಪುಣಜ್ಜಿ. ಅದರಿಂದ ಆದದ್ದೇನು? ಎಗಿಲ್‌ಗೆ ಅದರ ಮೇಲೆ ನಂಬಿಕೆ ಹುಟ್ಟಿತು. ಗಂಟು ಹಿಡಿಯುವ ಅತ್ತೆಯನ್ನು ಸೊಸೆ ಬೈಯುತ್ತಾಳೆ. ಆದರೂ ಬೀಗದಕೈ ಅವಳ ಸೊಂಟದಲ್ಲೇ ಇರಲಿ ಅನ್ನುತ್ತಾಳೆ, ಹಾಗೆ. ಇಷ್ಟು ಬಿಗಿ ಹಿಡಿಯುವುದು ಹೊರಡು ಅಂದ ಮೇಲೆ ಇನ್ನೇನು ಭಯ? ಉಳಿ ಹಿಡಿದು ಮುಂದೆ ಹೋಗುವವನನ್ನು ಕಂಪನಿ ಮನೆಗೆ ಕಳಿಸಿತು.

ಮಾರ್ಚ್ ಬಂತು. ಬಿಸಿಲು ಚುರುಗುಟ್ಟತೊಡಗಿತು. ಆ ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಎಗಿಲ್ ಹೇಳಿದ ಸಂಖ್ಯೆಗಳು ಇಪ್ಪತ್ತೇಳು, ಎಂಟು, ಹದಿನಾಲ್ಕು. ಹಿಂದಿನ ದಿನ ಕೊನೆಯದು ಹದಿಮೂರಿತ್ತು. ಹತ್ತು ಗಂಟೆಗೆ ಉತ್ತರ ಬಂತು: ಇಪ್ಪತ್ತೇಳು, ಹೊರಡಬಹುದು. ಸ್ಟೀನಾ ಫೋನು ಕೈಗೆತ್ತಿಕೊಂಡು ಓದಿದಳು.

"ಸರಿ ಅಕ್ಕಾ. ಮಧ್ಯಾಹ್ನ ಹನ್ನೆರಡಕ್ಕೆ ಹೊರಡ್ತೀವಿ. ಐದು ಟ್ರ್ಯಾಕ್ಟರು, ಹನ್ನೊಂದು ಜನ. ಈ ಚಳಿಗಾಲಕ್ಕೆ ಇದೇ ಕೊನೆ ಸಾಲು."

"ನಿನ್ನೇನೂ ಇಪ್ಪತ್ತೇಳೇ ಇತ್ತು," ಎಂದಳು ಸ್ಟೀನಾ. ಯಾಕೆ ಅಂದಳೋ ಅವಳಿಗೇ ಗೊತ್ತಿರಲಿಲ್ಲ, ಬಾಯಿಗೆ ಬಂತು.

"ಇದ್ರೆ?"

"ಒಂದು ದಿನ ಹೆಚ್ಚು ಕರಗಿದೆಯಲ್ಲೋ. ಕಡಿಮೆ ಆಗ್ಬೇಕಲ್ವಾ?"

"ಅದೆಲ್ಲ ಎಂಜಿನಿಯರಿಗೆ ಬಿಡು. ಹೊರಡೋ ಮುಂಚೆ ಹನ್ನೆರಡಕ್ಕೆ ಕಾಲು ಗಂಟೆ ಇರುವಾಗ ಒಂದ್ಸಲ ಮಾತಾಡ್ತೀನಿ." ಫೋನು ಸತ್ತಿತು.

ಸ್ಟೀನಾ ಕಾಗದವನ್ನೇ ನೋಡುತ್ತ ಕೂತಳು. ಇಪ್ಪತ್ತೇಳಕ್ಕೆ ಎಂಟರ ಅರ್ಧ ನಾಲ್ಕು ಸೇರಿದರೆ ಮೂವತ್ತೊಂದು. ಹದಿನಾಲ್ಕರ ಅರ್ಧ ಏಳು ಹೋದರೆ ಇಪ್ಪತ್ತನಾಲ್ಕು. ಯಂತ್ರ ಹೇಳುತ್ತಿರುವುದು ಇಪ್ಪತ್ತೇಳು. ನೀಲಿ ಗಡ್ಡೆಯ ದಪ್ಪ ಎಷ್ಟು ಕೊಟ್ಟಿದ್ದಳೋ ಅಷ್ಟೇ, ಕೊಟ್ಟ ಪಾತ್ರೆಯನ್ನು ತೊಳೆಯದೆ ವಾಪಸು ಕೊಟ್ಟ ಹಾಗೆ. ಅರ್ಧ ಎಲ್ಲಿ ಹೋಯಿತು? ಆಗ ಆ ಕಾರ್ಡು ಕಣ್ಣ ಮುಂದೆ ಬಂತು. ಕೈ ನಿಂತಿದ್ದ ಜಾಗ. ಎರಡು ತೂತಿನ ಗೆರೆ ಅರ್ಧವನ್ನು ಸೊನ್ನೆ ಮಾಡಿ ಕೂತಿತ್ತು. ಜನವರಿಯಲ್ಲಿ ಬಿಳಿ ಗಡ್ಡೆಯ ಬಲವನ್ನು ನುಂಗಿ ಜಿಪುಣ ಅನ್ನಿಸಿಕೊಂಡಿತ್ತು, ಈಗ ಕರಗಿದ ದಿನಗಳನ್ನೆಲ್ಲ ನುಂಗಿ ಹೊರಡು ಅನ್ನುತ್ತಿತ್ತು. ಹಿಂದಿನ ಸಾಲು ದಾಟಿ ಬಂದು ಒಂದು ವಾರವಾಗಿತ್ತು. ಆಗ ಕರಗಿದ್ದು ಏಳೇ ದಿನ, ಬದುಕಿಕೊಂಡರು. ಮಾರ್ಚಿನ ಗಡ್ಡೆ ದಪ್ಪ ತೋರಿಸಿ ಮೋಸ ಮಾಡುತ್ತೆ, ಒಳಗೆ ಸೂಜಿ ಸೂಜಿಯಾಗಿ ಬಿಟ್ಟುಕೊಂಡಿರುತ್ತೆ ಎಂದು ಅಪ್ಪ ಎಷ್ಟು ಸಲ ಹೇಳಿರಲಿಲ್ಲ.

ಹಾರ್ಕ್‌ನೆಸ್ ಊರಲ್ಲಿರಲಿಲ್ಲ. ಬೆಳಗಿನ ವಿಮಾನದಲ್ಲಿ ಟೊರಾಂಟೊಗೆ ಹೋಗಿದ್ದ, ಸಂಜೆಯವರೆಗೆ ಸಿಗುವುದಿಲ್ಲ. ಸೂತ್ರದ ಕಾರ್ಡನ್ನು ತಾನೇ ಬದಲಿಸಿಬಿಡಬಹುದು. ಅರ್ಧ ನಿಮಿಷದ ಕೆಲಸ. ಆದರೆ ಇನ್ನೊಬ್ಬರ ಹಾಳೆಯಲ್ಲಿ ಇಲ್ಲದ್ದನ್ನು ಅವಳು ಯಾವತ್ತೂ ಒತ್ತಿದವಳಲ್ಲ. ಒತ್ತಿದರೂ ಕೇಳುವವರು ಕೇಳುತ್ತಾರೆ: ಆರನೇ ತರಗತಿ ಓದಿದ ಹೆಂಗಸು ಎಂಜಿನಿಯರನ ಲೆಕ್ಕ ತಿದ್ದಿದಳಂತೆ, ಯಾವುದನ್ನು ನಂಬಬೇಕು? ಎಗಿಲ್ ಅಂತೂ ನಂಬುವುದಿಲ್ಲ. ಅವನಿಗೆ ಬೇಕಾದದ್ದು ಯಂತ್ರದ ಬಾಯಿಂದ ಬಂದ ಕಾಗದ.

ಹಾಗಾದರೆ ಯಂತ್ರದ ಬಾಯಿಂದಲೇ ಹೇಳಿಸೋಣ ಅಂದುಕೊಂಡಳು. ಸೂತ್ರ ಅವಳದಲ್ಲ, ಸರಿ. ದಿನದ ಸಂಖ್ಯೆಯ ಕಾರ್ಡು ಅವಳದೇ ತಾನೆ?

ಒಂದು ಖಾಲಿ ಹಾಳೆ ಎಳೆದುಕೊಂಡು ಪೆನ್ಸಿಲಿನಲ್ಲಿ ಮೂರು ಸಾಲು ಬರೆದಳು. ಇಪ್ಪತ್ತೇಳು, ಸೊನ್ನೆ, ಸೊನ್ನೆ. ಇಪ್ಪತ್ತೇಳು, ಎಂಬತ್ತು, ಸೊನ್ನೆ. ಇಪ್ಪತ್ತೇಳು, ಸೊನ್ನೆ, ತೊಂಬತ್ತೊಂಬತ್ತು. ಒತ್ತಿ ಓರಿಸ್ಯಾಳ ಮೇಜಿಗೆ ಹಾಕಿದಳು.

ಓರಿಸ್ಯಾ ಹಾಳೆ ಓದಿ ತಲೆಯೆತ್ತಿದಳು. "ಎಂಬತ್ತು ಇಂಚು ಬಿಳಿ? ತೊಂಬತ್ತೊಂಬತ್ತು ದಿನ ಕರಗೋದು? ಕರಗಿರೋದು ನಿನ್ನ ತಲೆ ಕಣೇ."

"ಹಾಳೇಲಿದೆ. ಒತ್ತು."

"ನನ್ನ ಮಾತು ನನಗೇ ತಿರುಗಿಸ್ತೀಯಾ?" ಎಂದಳು ಓರಿಸ್ಯಾ. ಆದರೆ ಸ್ಟೀನಾಳ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. "ಏನಾಯ್ತೇ?"

"ಎಗಿಲ್ ಹನ್ನೆರಡಕ್ಕೆ ಹೊರಡ್ತಾನೆ. ಯಂತ್ರ ತಪ್ಪು ಹೇಳ್ತಿದೆ."

ಓರಿಸ್ಯಾ ಯಂತ್ರದ ಕಡೆ ತಿರುಗಿದಳು. ಮೂರು ಕಾರ್ಡಿಗೂ ಕಚ್ಚು ಬಿತ್ತು.

ಇನ್ನು ಮಿಸ್ ಡಾಲ್ಗ್ಲೀಶ್. ಒಮ್ಮೆ ಓಡಿಸಿದ ಕಂತೆಯನ್ನು ಅದೇ ದಿನ ಮತ್ತೆ ಓಡಿಸಬೇಕಾದರೆ ಆಕೆಯ ರುಜು ಬೇಕು. ಆ ರುಜು ಬೀಳುವುದು ಒಂದೇ ಬಗೆಯ ಚೀಟಿಯ ಮೇಲೆ, ಒತ್ತಿದವಳು ತಪ್ಪು ಮಾಡಿದಾಗ ಬರೆಯುವ ಗುಲಾಬಿ ಚೀಟಿಯ ಮೇಲೆ. ವರ್ಷಕ್ಕೆ ನಾಲ್ಕೈದು ಗುಲಾಬಿ ಚೀಟಿ ಎಲ್ಲರ ಕಡತದಲ್ಲೂ ಇರುತ್ತಿದ್ದವು. ಸ್ಟೀನಾಳ ಕಡತದಲ್ಲಿ ಹನ್ನೊಂದು ವರ್ಷಕ್ಕೆ ಒಂದೂ ಇಲ್ಲ. ಅವಳು ಅದನ್ನು ಎಲ್ಲೂ ಹೇಳಿಕೊಂಡವಳಲ್ಲ. ಆದರೆ ಮನೆಗೆ ಹೋಗುವ ಬಸ್ಸಿನಲ್ಲಿ ಕೆಲವೊಮ್ಮೆ ಅದನ್ನು ನೆನೆಸಿಕೊಳ್ಳುತ್ತಿದ್ದಳು, ಬೇರೆ ಹೆಂಗಸರು ಬಂಗಾರ ನೆನೆಸಿಕೊಳ್ಳುವ ಹಾಗೆ.

"ಮಿಸ್ ಡಾಲ್ಗ್ಲೀಶ್, ಗಡ್ಡೆ ಲೆಕ್ಕ ಇನ್ನೊಂದು ಸಲ ಓಡಿಸ್ಬೇಕು."

"ಕಾರಣ?"

"ಅದ್ರಲ್ಲಿ ತಪ್ಪಿದೆ."

"ಯಾರ ತಪ್ಪು? ಸೂತ್ರದ್ದಾದ್ರೆ ಮಿಸ್ಟರ್ ಹಾರ್ಕ್‌ನೆಸ್ ಬರ್ಲಿ. ನಾಳೆ ನೋಡೋಣ. ಒತ್ತಿದವರದ್ದಾದ್ರೆ ಮಾತ್ರ ನಾನು ರುಜು ಹಾಕಬಹುದು. ನಿಮಗೆ ಗೊತ್ತಿಲ್ದೆ ಇರೋದೇನಲ್ಲ, ಮಿಸೆಸ್ ಬ್ಯಾರ್ನಸನ್."

ಗೋಡೆಯ ಗಡಿಯಾರ ಹನ್ನೊಂದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು.

"ನನ್ನದೇ ಅಂತ ಬರೀರಿ."

ಮಿಸ್ ಡಾಲ್ಗ್ಲೀಶ್‌ಳ ಹುಬ್ಬು ಮೇಲೇರಿ ಅಲ್ಲೇ ನಿಂತಿತು. "ನಿಮ್ಮದಾ?"

"ಹೌದು. ಆ ಕಾರ್ಡು ಒತ್ತಿದ್ದು ನಾನೇ. ಬೇಗ ರುಜು ಹಾಕಿ, ಕೈಮುಗಿದು ಕೇಳ್ತೀನಿ."

ಆಕೆ ಒಂದು ಕ್ಷಣ ಇವಳನ್ನು ನೋಡಿದಳು. ಆಮೇಲೆ ಮೇಜಿನ ಖಾನೆಯಿಂದ ಗುಲಾಬಿ ಚೀಟಿಯ ಪುಸ್ತಕ ತೆಗೆದು, ಹೆಸರು ಬರೆದು, ರುಜು ಹಾಕಿದಳು. ಚೀಟಿಯ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ 'ತುರ್ತು' ಎಂದೂ ಬರೆದಳು. ಅದನ್ನು ಯಾರೂ ಕೇಳಿರಲಿಲ್ಲ.

ಕಂಪ್ಯೂಟರ್ ಕೋಣೆಯಲ್ಲಿ ಒಂದು ಬ್ಯಾಂಕಿನ ಕೆಲಸ ಓಡುತ್ತಿತ್ತು. ಅದು ಮುಗಿಯುವವರೆಗೆ ಸ್ಟೀನಾ ಕಿಟಕಿಯ ಹೊರಗೆ ನಿಂತೇ ಇದ್ದಳು. ಬೆರಳುಗಳು ಕಿಟಕಿಯ ಚೌಕಟ್ಟಿನ ಮೇಲೆ ಏನನ್ನೋ ಒತ್ತುತ್ತಿದ್ದವು. ಹನ್ನೆರಡಕ್ಕೆ ಇಪ್ಪತ್ತು ನಿಮಿಷವಿರುವಾಗ ಕಾಗದ ಬಂತು. ಮೂರು ಸಾಲು. ಓದಿದಳು, ಓದಿ, ಬೂಟು ಜಾರುವ ನೆಲದ ಮೇಲೆ ಓಡಿದಳು, ನಲವತ್ತಾರು ವರ್ಷದ ಹೆಂಗಸು.

ಫೋನಿನಲ್ಲಿ ಎಗಿಲ್ ಆಗಲೇ ಕೂಗುತ್ತಿದ್ದ. "ಅಕ್ಕಾ, ಎಲ್ಲಿ ಹೋಗಿದ್ದೆ? ಎಂಜಿನ್ನು ಬಿಸಿ ಮಾಡಾಯ್ತು. ಹೊರಟೆ ನಾನು."

"ಹೊರಡಬೇಡ. ಕಾಗದ ಓದ್ತೀನಿ ಕೇಳು."

"ಬೆಳಿಗ್ಗೆ ಓದಿದ್ಯಲ್ಲ!"

"ಇದು ಬೇರೆ. ನಿನ್ನ ಜಿಪುಣಜ್ಜಿಗೆ ಮೂರು ಪ್ರಶ್ನೆ ಕೇಳಿದೀನಿ. ಇಪ್ಪತ್ತೇಳು ಇಂಚು ನೀಲಿ, ಬಿಳಿ ಇಲ್ಲ, ಕರಗಿಲ್ಲ. ಏನಂದ್ಲು? ಇಪ್ಪತ್ತೇಳು, ಹೊರಡಬಹುದು."

"ಸರಿಯಾಗೇ ಇದೆ."

"ಇಪ್ಪತ್ತೇಳು ನೀಲಿ, ಅದರ ಮೇಲೆ ಎಂಬತ್ತು ಇಂಚು ಬಿಳಿ. ಇಪ್ಪತ್ತೇಳು, ಹೊರಡಬಹುದು."

"ಎಂಬತ್ತಾ?" ಎಂದ ಎಗಿಲ್.

"ಇನ್ನೊಂದಿದೆ. ಇಪ್ಪತ್ತೇಳು ನೀಲಿ, ತೊಂಬತ್ತೊಂಬತ್ತು ದಿನ ಕರಗಿದೆ. ಇವತ್ತಿಂದ ಎಣಿಸಿಕೋ, ಜೂನ್ ಕೊನೆ ಬರುತ್ತೆ. ಮಕ್ಕಳು ಈಜ್ತಿರ್ತಾವೆ. ಇಪ್ಪತ್ತೇಳು, ಹೊರಡಬಹುದು."

ಫೋನಿನಲ್ಲಿ ಯಾರೋ ಗೊಳ್ಳೆಂದು ನಕ್ಕರು. ಎಗಿಲ್ ಅಲ್ಲ; ಬೇರೆ ಬಿಡಾರದವರು. "ಲೋ ಎಗಿಲ್, ಜೂನ್‌ನಲ್ಲಿ ಟ್ರ್ಯಾಕ್ಟರ್ ತಗೊಂಡು ಬಾರೋ, ನಾವು ದೋಣೀಲಿ ಕೂತು ನೋಡ್ತೀವಿ!" ಎಂದು ಒಬ್ಬ ಕೂಗಿದ. "ಚಕ್ರಕ್ಕೆ ಹುಟ್ಟು ಕಟ್ಟಿಸ್ಕೊಳೋ!" ಎಂದು ಇನ್ನೊಬ್ಬ.

"ಬಾಯಿ ಮುಚ್ರೋ," ಎಂದ ಎಗಿಲ್. ಆಮೇಲೆ ಸಣ್ಣ ದನಿಯಲ್ಲಿ, "ಅಕ್ಕಾ, ಸರಿಯಾಗಿ ಎಷ್ಟು?"

"ಇಪ್ಪತ್ತನಾಲ್ಕು. ಅದೂ ನೀನು ಅಳೆದ ದಂಡೆ ಹತ್ರ. ನಡುವೆ ಸೆಳವಿರೋ ಇಕ್ಕಟ್ಟಲ್ಲಿ ಎಷ್ಟಿದೆಯೋ ದೇವರಿಗೇ ಗೊತ್ತು. ಅಪ್ಪನ ಉಳಿ ಇದ್ಯಾ ನಿನ್ನ ಹತ್ರ?"

"ಗಾಡೀಲಿದೆ."

"ಅದನ್ನ ತಗೊಂಡು ಹಗುರದ ಗಾಡೀಲಿ ಒಬ್ಬನೇ ಹೋಗಿ ಕುಟ್ಟಿ ನೋಡು. ಟ್ರ್ಯಾಕ್ಟರು ದಂಡೆ ಮೇಲೇ ಇರ್ಲಿ. ಸರೀನಾ? ಹೇಳು, ಸರಿ ಅಂತ ಹೇಳು."

"ಸರಿ," ಎಂದ ಎಗಿಲ್.

ಅವನ ಮುಂದಿನ ಕರೆ ಬಂದದ್ದು ಮೂರೂವರೆಗೆ. ಅಷ್ಟು ಹೊತ್ತೂ ಸ್ಟೀನಾ ಬೇರೆಯವರ ಕೆಲಸ ಒತ್ತುತ್ತಿದ್ದಳು, ಒಂದು ಶಾಲೆಯ ಹಾಜರಿಪಟ್ಟಿ. ಓರಿಸ್ಯಾ ತನ್ನ ಡಬ್ಬಿ ತೆರೆದು ಪೂರ್ತಿ ಇವಳ ಮುಂದಿಟ್ಟಿದ್ದಳು, ಯಾರೂ ತಿನ್ನಲಿಲ್ಲ. ಫೋನು ಗುರುಗುಟ್ಟಿದಾಗ ಇಡೀ ಕೋಣೆಯ ಯಂತ್ರಗಳು ಒಟ್ಟಿಗೆ ನಿಂತವು.

"ಉಳಿ ಮೂರನೇ ಏಟಿಗೇ ನೀರಿಗೆ ಹೋಯ್ತು," ಎಂದ ಎಗಿಲ್. "ಇಕ್ಕಟ್ಟಿನ ಹತ್ರ. ದಪ್ಪ ಇದೆ, ಆದ್ರೆ ಎಲ್ಲ ಮೇಣದಬತ್ತಿ ಥರ ಬಿಟ್ಕೊಂಡಿದೆ. ನನ್ನ ಹಗುರದ ಗಾಡೀನ ಹೊತ್ತಿದ್ದೇ ಪುಣ್ಯ. ವಾಪಸ್ ಬಂದೆ."

ಸ್ಟೀನಾ "ಒಳ್ಳೇದು," ಎಂದಳು. ಹೇಳಿ ಹಾಜರಿಪಟ್ಟಿ ಮುಗಿಸಲು ಕೂತಳು. ಆದರೆ ಆ ದಿನ ಅವಳು ತಪ್ಪುತಪ್ಪಾಗಿ ಒತ್ತಿದ ಕೊನೆಯ ಆರು ಕಾರ್ಡನ್ನು ಓರಿಸ್ಯಾ ಸದ್ದಿಲ್ಲದೆ ಹರಿದುಹಾಕಿ, ತಾನೇ ಹೊಸದಾಗಿ ಒತ್ತಿಕೊಂಡಳು.

ಮರುದಿನ ಹಾರ್ಕ್‌ನೆಸ್ ಬಂದ. ಮೂರು ಸಾಲಿನ ಕಾಗದವನ್ನು ನಿಂತಲ್ಲೇ ಓದಿದ. ಕಿವಿಯವರೆಗೆ ಕೆಂಪಾಗಿ, ಆಮೇಲೆ ಬಿಳಿಚಿಕೊಂಡು, ಕುರ್ಚಿ ಹಿಡಿದು ಕೂತ. "ನವೆಂಬರಲ್ಲಿ ಒಂದೇ ಒಂದು ಸಲ ಬಿಳಿಗೆ ಒಂದು ಸಂಖ್ಯೆ ಹಾಕಿ ನೋಡಿದ್ರೆ ಸಾಕಿತ್ತು," ಎಂದ. "ಮಿಸೆಸ್ ಬ್ಯಾರ್ನಸನ್, ಇದನ್ನ ಎಲ್ಲಿ ಕಲಿತ್ರಿ ನೀವು?"

"ಇಲ್ಲೇ ಕೂತು," ಎಂದಳು.

ಅವನು ಹೊಸ ಹಾಳೆ ತೆಗೆದು ಆ ಸಾಲನ್ನು ಮತ್ತೆ ಬರೆದ. ಪ್ರತಿ ಚುಕ್ಕಿಯನ್ನೂ ಪೆನ್ಸಿಲ್ ಮುರಿಯುವಷ್ಟು ಒತ್ತಿ ಇಟ್ಟ. ಗುಲಾಬಿ ಚೀಟಿಯ ವಿಷಯ ಮಿಸ್ ಡಾಲ್ಗ್ಲೀಶ್ ಹೇಳಿದಾಗ ಅವನಿಗೆ ಇನ್ನಷ್ಟು ನಾಚಿಕೆಯಾಯಿತು; ಅದನ್ನು ಕಿತ್ತುಹಾಕಿಸುತ್ತೇನೆ, ತಪ್ಪು ನನ್ನದು ಎಂದು ಬರೆದುಕೊಡುತ್ತೇನೆ ಎಂದ. ಮಿಸ್ ಡಾಲ್ಗ್ಲೀಶ್ ಕಡತ ತೆಗೆದುಕೊಂಡೇ ನಿಂತಿದ್ದಳು.

"ಇರ್ಲಿ ಬಿಡಿ ಸರ್," ಎಂದಳು ಸ್ಟೀನಾ. "ಅಕ್ಟೋಬರಲ್ಲಿ ಇಲ್ಲಿ ನನ್ನ ಕೈ ನಿಂತಿತ್ತು. ಎದ್ದು ಬಂದು ನಿಮ್ಮನ್ನ ಕೇಳಬಹುದಿತ್ತು. ಕೇಳ್ಲಿಲ್ಲ. ಆ ಚೀಟಿ ನನ್ನದೇ."

ಅವಳು ಬಿಂಕಕ್ಕೆ ಹೇಳಿದ್ದಲ್ಲ. ಆ ಚೀಟಿ ಅವಳು ಕೆಲಸ ಬಿಡುವವರೆಗೂ ಕಡತದಲ್ಲಿತ್ತು, ಒಂದೇ ಒಂದು. ಆ ವರ್ಷದಿಂದ ಮಾತ್ರ ಆ ಕೋಣೆಯಲ್ಲಿ ಕೈ ನಿಂತವಳು ಎದ್ದು ಹೋಗಿ ಕೇಳುವುದು ರೂಢಿಯಾಯಿತು. ಪ್ರೊಫೆಸರುಗಳಿಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಹಾಳೆ ಕೊಡುವಾಗ ಅವರೇ ಕೇಳತೊಡಗಿದರು: "ಮಿಸೆಸ್ ಬ್ಯಾರ್ನಸನ್ ಒಂದ್ಸಲ ಕಣ್ಣಾಡಿಸಿದ್ರಾ?"

ಹಿಟ್ಟು, ಸೀಮೆಎಣ್ಣೆ ಎಲ್ಲ ದಂಡೆಯ ಉಗ್ರಾಣದಲ್ಲೇ ಉಳಿದು ಜೂನಿನಲ್ಲಿ ದೋಣಿಯಲ್ಲಿ ಹೋಯಿತು. ಉತ್ತರದ ಹಳ್ಳಿಯವರು ಎರಡು ಮೂರು ತಿಂಗಳು ಕೈಬಿಗಿ ಹಿಡಿದು ಬದುಕಿದರು, ಎಗಿಲ್‌ನನ್ನು ಬೈದುಕೊಂಡರು. ಗಡ್ಡೆ ಇನ್ನೂ ಒಡೆಯುವ ಮುಂಚೆಯೇ, ಈಸ್ಟರ್ ಭಾನುವಾರ, ಅವನು ಅಕ್ಕನ ಮನೆಗೆ ಬಂದ, ಒಂದು ಬಕೆಟ್ಟು ಹಸನು ಮಾಡಿದ ಮೀನು ಹಿಡಿದುಕೊಂಡು. ಏಳು ಪದರದ ಒಣಹಣ್ಣಿನ ಕೇಕು ತಿಂದ, ಮೂರು ಲೋಟ ಕಾಫಿ ಕುಡಿದ, ಹವೆಯ ಮಾತಾಡಿದ. ಆಮೇಲೆ ಕೇಳಿದ:

"ಆ ಗೆರೆ ಹೇಗಿರುತ್ತೆ, ತೋರ್ಸು."

ಸ್ಟೀನಾ ಪೆನ್ಸಿಲು ತೆಗೆದು ಲಕೋಟೆಯ ಹಿಂದೆ ಗೀಚಿದಳು. ಎಗಿಲ್ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಹಾಗಾದ್ರೆ ಜನವರಿಯಲ್ಲಿ ನನ್ನ ಒಂಬತ್ತು ದಿನ ಸುಮ್ನೆ ಕೂರಿಸಿದ್ದೂ ಇದೇನಾ?"

"ಇದೇ."

"ಒಂಬತ್ತು ದಿನ! ಬೀನ್ಸು ತಿಂದು ತಿಂದು ಸತ್ತೆ. ಮೊದ್ಲೇ ಹೇಳಬಾರದಿತ್ತಾ ನೀನು?"

"ಹೇಳಬೇಕಿತ್ತು," ಎಂದಳು ಸ್ಟೀನಾ.

ಅವನು ಹೊರಡಲು ಎದ್ದು, ಕೋಟು ತೊಟ್ಟು, ಬಾಗಿಲು ತೆರೆದು, ಹೊಸ್ತಿಲ ಮೇಲೆ ಟೊಪ್ಪಿಗೆಯನ್ನು ತಿರುಗಿಸುತ್ತ ನಿಂತ.

"ಹನ್ನೊಂದು ಜನ ಇದ್ವಿ ಅಕ್ಕಾ."

"ಗೊತ್ತು. ಒಬ್ಬೊಬ್ಬರ ಹೆಸರೂ ಗೊತ್ತು, ಹೆಂಡ್ತೀರ ಹೆಸರೂ ಗೊತ್ತು. ಆ ಬಾಗಿಲು ಹಾಕ್ಕೊಂಡು ಹೋಗೋ, ಮನೆಯೆಲ್ಲ ತಣ್ಣಗಾಗ್ತಿದೆ."